ಅಕ್ವೇರಿಯಂ ಫಿಲ್ಟರ್ ಸೋರುತ್ತಿದೆಯೇ? ಹೊಸದು ಕೊಳ್ಳುವ ಮುನ್ನ ರಬ್ಬರ್ ರಿಂಗ್ ನೋಡಿ

ಸೆಕೆಂಡಿಗೆ ಒಂದು ಹನಿ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಅಂತ ಲೆಕ್ಕ ಹಿಡಿದರೆ ದಿನಕ್ಕೆ 4 ಲೀಟರ್ ದಾಟುತ್ತದೆ. ಅಕ್ವೇರಿಯಂ ಕೆಳಗಿನ ಕಬೋರ್ಡ್ ಒಳಗೆ, ಬಾಗಿಲು ಮುಚ್ಚಿರುವ ಜಾಗದಲ್ಲಿ, ಈ 4 ಲೀಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲೈವುಡ್ ಉಬ್ಬಿದ ಮೇಲೆ, ಇಲ್ಲವೇ ಕೆಳಗಿನ ಮನೆಯವರು ಬಂದು "ಮೇಲಿಂದ ನೀರು ಬರ್ತಿದೆ ಕಣ್ರೀ" ಅಂದ ಮೇಲಷ್ಟೇ ಗೊತ್ತಾಗೋದು.

ನಾನಿರುವ ಬನಶಂಕರಿಯಲ್ಲಿ ಇದು ಮೀನು ಸಾಕುವವರ ಖಾಸಗಿ ತಲೆನೋವಾಗಿ ಉಳಿಯೋದಿಲ್ಲ. ಥರ್ಟಿ-ಫಾರ್ಟಿ ಸೈಟಿನ ಮೇಲೆ ಮೂರು ಮಹಡಿ, ಕೆಳಗೆ ಓನರ್, ಮೇಲೆ ಬಾಡಿಗೆಯವರು. ಸೀಲಿಂಗ್‌ನಲ್ಲಿ ಹಳದಿ ಕಲೆ ಮೂಡಿದರೆ ಅದರ ಲೆಕ್ಕ ಅಡ್ವಾನ್ಸ್ ದುಡ್ಡಿನಲ್ಲಿ ಕಳೆಯುತ್ತದೆ. ಕಬೋರ್ಡ್‌ನ ತಳದಲ್ಲೇ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟಿರುವ ಮನೆಗಳನ್ನೂ ನಾನು ನೋಡಿದ್ದೇನೆ. ಅಲ್ಲಿ ಪ್ರಶ್ನೆ ದುಡ್ಡಿನದ್ದಲ್ಲ, ಜೀವದ್ದು.

ಕೆಲವು ವರ್ಷಗಳಿಂದ ಅಕ್ಕಪಕ್ಕದವರು, ಪರಿಚಯದವರು ಸೋರುವ ಫಿಲ್ಟರ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಬಹುತೇಕ ಎಲ್ಲರೂ ಹೇಳುವುದು ಒಂದೇ ಕತೆ: ಅಂಗಡಿಯಲ್ಲಿ "ಸಾರ್, ಇದಕ್ಕೆ ಸ್ಪೇರ್ ಬರಲ್ಲ, ಹೊಸದೇ ತಗೊಂಡ್ಬಿಡಿ" ಅಂದರು. ಬಿಚ್ಚಿ ನೋಡಿದರೆ ಫಿಲ್ಟರ್‌ನ ಮೈಯಲ್ಲಿ ಏನೂ ಆಗಿರುವುದಿಲ್ಲ. ಮೋಟರ್ ಚೆನ್ನಾಗಿ ತಿರುಗುತ್ತಿರುತ್ತದೆ. ಕೆಟ್ಟಿರುವುದು ಒಂದು ರಬ್ಬರ್ ರಿಂಗ್. ನಿಮ್ಮನೆ ಕುಕ್ಕರ್‌ನ ಗ್ಯಾಸ್ಕೆಟ್ ಸಡಿಲ ಆದರೆ ಕುಕ್ಕರನ್ನೇ ಬಿಸಾಕ್ತೀರಾ?

ಸ್ವಿಚ್ ಆಫ್ ಮಾಡಿದರೆ ಸೋರಿಕೆ ನಿಲ್ಲುವುದಿಲ್ಲ

ಮೊದಲು ಈ ಯಂತ್ರ ಕೆಲಸ ಮಾಡುವ ರೀತಿ ತಿಳಿದಿರಬೇಕು. ದೊಡ್ಡ ಟ್ಯಾಂಕ್‌ಗಳಿಗೆ ಹಾಕುವ ಕ್ಯಾನಿಸ್ಟರ್ ಫಿಲ್ಟರ್ ಅಂದರೆ ಮುಚ್ಚಳ ಇರುವ ಒಂದು ಡಬ್ಬ. ಅದು ಟ್ಯಾಂಕ್‌ಗಿಂತ ಕೆಳಗೆ ಕೂತಿರುತ್ತದೆ. ಒಂದು ಪೈಪಿನಲ್ಲಿ ನೀರು ತಾನಾಗಿಯೇ ಇಳಿದು ಬರುತ್ತದೆ, ಸ್ಪಂಜು ಮತ್ತು ಸೆರಾಮಿಕ್ ತುಂಡುಗಳ ಮೂಲಕ ಹಾದುಹೋಗುತ್ತದೆ, ಮುಚ್ಚಳದಲ್ಲಿರುವ ಮೋಟರ್ ಅದನ್ನು ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಸೈಫನ್ ಮಾಡಿ ನೀರು ತೆಗೆದವರಿಗೆ ಇದರ ಅರ್ಧ ಗೊತ್ತಿದ್ದ ಹಾಗೆ.

ಇಲ್ಲೇ ಜನ ಎಡವೋದು. ಸೋರುತ್ತಿದೆ ಅಂತ ಗೊತ್ತಾದ ಕೂಡಲೇ ಸ್ವಿಚ್ ಆಫ್ ಮಾಡಿ, ಬೆಳಗ್ಗೆ ನೋಡೋಣ ಅಂತ ಮಲಗುತ್ತಾರೆ. ಆದರೆ ಡಬ್ಬದ ಮೇಲಿನ ಒತ್ತಡಕ್ಕೆ ಮುಖ್ಯ ಕಾರಣ ಮೋಟರ್ ಅಲ್ಲ, ಮೇಲಿರುವ ನೀರು. ಟ್ಯಾಂಕಿನ ನೀರಿನ ಮಟ್ಟ ಫಿಲ್ಟರ್ ಮುಚ್ಚಳಕ್ಕಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ ಮುಚ್ಚಳದ ಮೇಲೆ ಸುಮಾರು 0.1 ಬಾರ್ ಒತ್ತಡ ಇದ್ದೇ ಇರುತ್ತದೆ. ಕರೆಂಟ್ ಇರಲಿ, ಹೋಗಲಿ. ಸೈಫನ್‌ಗೆ ಬೆಸ್ಕಾಂ ಬೇಕಿಲ್ಲ.

ಹಾಗಾಗಿ ಮಾಡಬೇಕಾದ ಕೆಲಸ ಬೇರೆ. ಕಬೋರ್ಡ್‌ನಲ್ಲಿ ನೀರು ಕಂಡರೆ ಒಳಗಿನ ಪ್ಲಗ್‌ಗೆ ಕೈ ಹಾಕಬೇಡಿ, ಮೊದಲು ಆ ರೂಮಿನ ಎಂಸಿಬಿ ಇಳಿಸಿ. ಆಮೇಲೆ ಫಿಲ್ಟರ್ ಮೇಲಿರುವ ಎರಡೂ ಟ್ಯಾಪ್ ಮುಚ್ಚಿ. ಟ್ಯಾಪೇ ಸೋರುತ್ತಿದ್ದರೆ ಅಥವಾ ಗಟ್ಟಿಯಾಗಿ ತಿರುಗದಿದ್ದರೆ, ನೀರು ಎಳೆಯುವ ಪೈಪನ್ನು ಟ್ಯಾಂಕಿನಿಂದ ಮೇಲಕ್ಕೆತ್ತಿ ಗಾಳಿ ಹೋಗುವ ಹಾಗೆ ಮಾಡಿ. ವಾಪಸ್ ಬರುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದನ್ನೂ ಎತ್ತಬೇಕು, ಅದೂ ಹಿಮ್ಮುಖವಾಗಿ ಸೈಫನ್ ಆಗುತ್ತದೆ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು.

3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್‌ನಲ್ಲಿ ಅಂಚಿನವರೆಗೆ ತುಂಬಿದರೆ 127 ಲೀಟರ್ ನೀರು ಹಿಡಿಯುತ್ತದೆ. ನೀರು ಎಳೆಯುವ ಜಾಲರಿ ತಳದ ಮರಳಿಗೆ ತಾಗಿಕೊಂಡಿದ್ದರೆ, ಮನೆಯವರು ಊರಿಗೆ ಹೋದ ವಾರದಲ್ಲಿ ಹೆಚ್ಚುಕಮ್ಮಿ ಅಷ್ಟೂ ನೆಲಕ್ಕೆ ಬರಬಹುದು. ಜಾಲರಿಯನ್ನು ತಳದಿಂದ ಕಾಲು ಭಾಗ ಮೇಲಿಟ್ಟರೆ ನೀರು ಅಲ್ಲಿಯವರೆಗೆ ಇಳಿದ ಕೂಡಲೇ ಪೈಪಿಗೆ ಗಾಳಿ ಸಿಕ್ಕಿ ಸೈಫನ್ ಕಡಿಯುತ್ತದೆ, ಮೀನಿಗೆ ಬದುಕುವಷ್ಟು ನೀರು ಉಳಿಯುತ್ತದೆ. ಇನ್ನೂ ಭದ್ರ ಬೇಕೆಂದರೆ ಎಳೆಯುವ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ, ಸಣ್ಣದೊಂದು ತೂತು ಕೊರೆಯಬಹುದು. ಅದಕ್ಕಿಂತ ಕೆಳಗೆ ನೀರು ಇಳಿಯುವುದಿಲ್ಲ. ಆದರೆ ಬೇಸಿಗೆಯಲ್ಲಿ ನೀರು ಆವಿಯಾಗಿ ಆ ಮಟ್ಟಕ್ಕೆ ಬಂದರೆ ಫಿಲ್ಟರ್ ಗಾಳಿ ಎಳೆಯಲು ಶುರು ಮಾಡುತ್ತದೆ, ಆಗಾಗ ನೀರು ಸೇರಿಸುತ್ತಿರಬೇಕು. ವಾಪಸ್ ಪೈಪಿಗೂ ಇಂಥದ್ದೇ ಒಂದು ತೂತು, ನೀರಿನ ಮೇಲ್ಮಟ್ಟಕ್ಕೆ ಹತ್ತಿರವಾಗಿ.

ಎಲ್ಲಿ ಸೋರುತ್ತಿದೆ?

ನೀರು ನಿಂತ ಜಾಗವೇ ಸೋರಿದ ಜಾಗ ಅಂದುಕೊಳ್ಳಬೇಡಿ. ಟ್ಯಾಂಕಿನ ಅಂಚಿನಲ್ಲಿ ಸೋರಿದ ಹನಿ ಪೈಪಿನ ಹೊರಮೈ ಹಿಡಿದು ಇಳಿದು ಬಂದು ಫಿಲ್ಟರ್ ಮುಚ್ಚಳದ ಮೇಲೆ ಕೂರುತ್ತದೆ, ಪಾಪದ ಮುಚ್ಚಳಕ್ಕೆ ಕೆಟ್ಟ ಹೆಸರು. ನಾನು ಮಾಡುವುದು ಇಷ್ಟೇ: ಫಿಲ್ಟರನ್ನು ಪೂರ್ತಿ ಒರೆಸಿ ಒಣಗಿಸಿ, ಅಗಲವಾದ ಪ್ಲಾಸ್ಟಿಕ್ ಟಬ್‌ನೊಳಗೆ ನ್ಯೂಸ್‌ಪೇಪರ್ ಹಾಸಿ ಇಡುತ್ತೇನೆ. ಪ್ರತಿ ಜಾಯಿಂಟ್‌ಗೆ ಟಿಶ್ಯೂ ಪೇಪರ್ ಸುತ್ತಿ ಕಟ್ಟುತ್ತೇನೆ. ಮುಚ್ಚಳದ ಅಂಚಿನ ಸುತ್ತ ಒಂದು ಸುತ್ತು, ಟ್ಯಾಪ್ ಕೂರುವ ಜಾಗದಲ್ಲಿ ಒಂದು, ಪೈಪ್ ಸಿಕ್ಕಿಸುವ ಎರಡು ಕಡೆ ಒಂದೊಂದು. ಮೊದಲು ಒದ್ದೆಯಾಗುವ ಟಿಶ್ಯೂ ಯಾವುದು ಅಂತ ನೋಡೋದು. ನಿಧಾನವಾಗಿ ಸೋರುವ ಕೇಸುಗಳಲ್ಲಿ ಟಬ್ ತಳಕ್ಕೆ ಒಣ ರಂಗೋಲಿ ಪುಡಿ ಉದುರಿಸಿದರೆ ಒಂದೇ ಹನಿ ಬಿದ್ದರೂ ಗುರುತು ಉಳಿಯುತ್ತದೆ.

ಬೆಂಗಳೂರಿನ ನೀರೂ ಇಲ್ಲಿ ಸಾಕ್ಷಿ ಹೇಳುತ್ತದೆ. ಫಿಲ್ಟರ್ ಹೊರಮೈಯಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಅಲ್ಲಿ ತಿಂಗಳುಗಳಿಂದ ನೀರು ಜಿನುಗಿ ಒಣಗುತ್ತಿದೆ ಎಂದರ್ಥ. ಗೆರೆಯ ಮೇಲ್ತುದಿ ಹಿಡಿದು ಹೋದರೆ ಸೋರುವ ಜಾಗಕ್ಕೇ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ವಿಚಿತ್ರ ಬಗೆಯ ಸೋರಿಕೆ ಇದೆ, ಅದರಲ್ಲಿ ಒಂದು ಹನಿಯೂ ಹೊರಗೆ ಬರುವುದಿಲ್ಲ. ಎಳೆಯುವ ಪೈಪು ಟ್ಯಾಂಕಿನ ಅಂಚು ದಾಟುವ ಜಾಗದಲ್ಲಿ, ಅಂದರೆ ನೀರಿನ ಮಟ್ಟಕ್ಕಿಂತ ಮೇಲೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಫಿಲ್ಟರ್ ಗಡಗಡ ಸದ್ದು ಮಾಡುತ್ತದೆ, ವಾಪಸ್ ಪೈಪಿನಲ್ಲಿ ಗುಳ್ಳೆ ಬರುತ್ತವೆ, ಹರಿವು ಕಡಿಮೆಯಾಗುತ್ತದೆ. ಮೋಟರ್ ಹೋಯ್ತು ಅಂತ ತೀರ್ಮಾನಿಸುವ ಮುನ್ನ ಆ ಬಾಗಿದ ಪೈಪಿನ ಜಾಯಿಂಟ್ ಒಮ್ಮೆ ನೋಡಿ.

ರಿಂಗ್, ಗ್ರೀಸ್ ಮತ್ತು ಎಂ-ಸೀಲ್

ನನ್ನ ಕೈಗೆ ಬಂದ ಫಿಲ್ಟರ್‌ಗಳಲ್ಲಿ ಹೆಚ್ಚಿನವು ತೊಳೆದು ಮತ್ತೆ ಜೋಡಿಸಿದ ದಿನವೇ ಸೋರಲು ಶುರುವಾದವು. ಇದು ಕಾಕತಾಳೀಯ ಅಲ್ಲ. ಮುಚ್ಚಳ ತೆಗೆದಾಗ ರಿಂಗ್ ಕೂರುವ ಗಾಡಿಯಲ್ಲಿ ಒಂದು ಮರಳಿನ ಕಣ, ಗಿಡದ ಎಲೆಯ ಚೂರು, ಒಂದು ಕೂದಲು ಸೇರಿಕೊಂಡಿದ್ದರೂ ಸಾಕು. ಹಾಗಾಗಿ ಯಾವ ಸ್ಪೇರ್ ಹುಡುಕುವ ಮೊದಲೂ ರಿಂಗ್ ತೆಗೆದು, ಗಾಡಿಯನ್ನು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ.

ಗಾಡಿಯಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂತಿದ್ದರೆ ಬ್ರಶ್‌ಗೆ ಬರುವುದಿಲ್ಲ. ಇದು ಬೋರ್‌ವೆಲ್ ನೀರಿನ ಕೊಡುಗೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್‌ಗಳನ್ನು ದಾಟಿ ನಮ್ಮ ಕನಕಪುರ ರಸ್ತೆಯ ಕಡೆಯಿಂದಲೇ ನಗರಕ್ಕೆ ಬರುತ್ತದೆ, ಅದು ಹೋಲಿಕೆಯಲ್ಲಿ ಮೆದು ನೀರು. ಆದರೆ ಸಂಪ್‌ನಲ್ಲಿ ಅದರ ಜೊತೆ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೆರೆಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಗೀಸರ್ ಕಾಯಿಲ್‌ಗೆ ಕಟ್ಟುವ ಉಪ್ಪೇ ಫಿಲ್ಟರ್ ರಿಂಗಿನ ಕೆಳಗೂ ಕಟ್ಟಿ, ಅದನ್ನು ಸರಿಯಾಗಿ ಕೂರಲು ಬಿಡುವುದಿಲ್ಲ. ಬಿಸಿಯಲ್ಲದ ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿಟ್ಟರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ತೊಳೆಯಬೇಕು. ಬಾತ್‌ರೂಮ್ ಆಸಿಡ್ ಮಾತ್ರ ಹತ್ತಿರ ತರಬೇಡಿ.

ರಿಂಗ್ ಕೆಟ್ಟಿದೆಯೋ ಇಲ್ಲವೋ ಅಂತ ತಿಳಿಯಲು ಅದನ್ನು ಬೆರಳುಗಳ ನಡುವೆ ಬಗ್ಗಿಸಿ. ಸಣ್ಣ ಸಣ್ಣ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ದುಂಡಗಿರಬೇಕಾದ ದಾರ ಒಂದು ಕಡೆ ಚಪ್ಪಟೆಯಾಗಿದ್ದರೂ ಅಷ್ಟೇ. ಕುಕ್ಕರ್ ಗ್ಯಾಸ್ಕೆಟ್‌ಗೆ ನಮ್ಮ ಅಮ್ಮಂದಿರು ಮಾಡುವ ಫ್ರಿಜ್ಜಿನ ಉಪಾಯ ಇದಕ್ಕೆ ನಡೆಯೋದಿಲ್ಲ, ಚಪ್ಪಟೆಯಾದ ರಬ್ಬರ್ ಮತ್ತೆ ದುಂಡಗಾಗದು.

ರಿಂಗ್ ಚೆನ್ನಾಗಿದ್ದರೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ಗ್ರೀಸ್ ನೀರನ್ನು ತಡೆಯಲಿ ಅಂತಲ್ಲ. ಮುಚ್ಚಳ ಒತ್ತುವಾಗ ರಿಂಗ್ ತಿರುಚಿಕೊಳ್ಳದೆ ಜಾರಿ ಕೂರಲಿ ಅಂತ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ಅದು ಕಮಟು ಹಿಡಿದು ನೀರಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ವ್ಯಾಸಲೀನ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ನಿಮ್ಮ ರಿಂಗ್ ಯಾವ ರಬ್ಬರಿನದ್ದು ಅಂತ ಡಬ್ಬದ ಮೇಲೆ ಬರೆದಿರುವುದಿಲ್ಲ.

ಎಂ-ಸೀಲ್ ಬಗ್ಗೆ ನನಗೆ ಗೌರವ ಇದೆ. ಆದರೆ ತೆಗೆದು ಹಾಕಬೇಕಾದ ಮುಚ್ಚಳಕ್ಕೆ ಎಂ-ಸೀಲ್ ಮೆತ್ತಿದರೆ ಮುಂದಿನ ಸಲ ಫಿಲ್ಟರ್ ತೊಳೆಯೋದು ಹೇಗೆ? ಅದಕ್ಕಿಂತ ಮುಖ್ಯವಾಗಿ, ನೀರು ಒಳಗಿಂದ ಹೊರಕ್ಕೆ ತಳ್ಳುತ್ತಿರುವಾಗ ಹೊರಗಿನಿಂದ ಅಂಟಿಸಿದ ಪಟ್ಟಿ ಒಂದಲ್ಲ ಒಂದು ದಿನ ಬಿಟ್ಟುಕೊಳ್ಳುತ್ತದೆ. ಸಿಲಿಕೋನ್ ಸೀಲೆಂಟ್ ಗಾಜಿಗೆ ಗಾಜು ಹಿಡಿಸಲು ಒಳ್ಳೆಯದು, ನಯವಾದ ಪ್ಲಾಸ್ಟಿಕ್‌ಗೆ ಅದು ನಂಬಿಕೆಯಿಂದ ಹಿಡಿಯದು. ಬಾತ್‌ರೂಮಿಗೆ ಮಾರುವ, ಬೂಸ್ಟು ಬಾರದಂತೆ ಔಷಧ ಸೇರಿಸಿದ ಸಿಲಿಕೋನ್ ಮೀನಿಗೆ ವಿಷ. ಟೆಫ್ಲಾನ್ ಟೇಪ್ ಮರೆಯ ಸುತ್ತಿನಲ್ಲೇ ನೀರು ತಡೆಯುವ ಜಾಯಿಂಟ್‌ಗೆ ಮಾತ್ರ. ಫಿಲ್ಟರ್‌ನ ನಟ್‌ಗಳು ಪೈಪನ್ನು ಹಿಚುಕಿ ಹಿಡಿಯುವಂಥವು, ಅಲ್ಲಿ ಟೇಪ್ ಸುತ್ತಿದರೆ ನಟ್ ಓರೆಯಾಗಿ ಕೂತು ಇನ್ನಷ್ಟು ಸೋರುತ್ತದೆ.

ಹಾಗಾದ್ರೆ ಹೊಸ ರಿಂಗ್ ಎಲ್ಲಿ ಸಿಗುತ್ತೆ? ದುಂಡನೆಯ ಮುಚ್ಚಳದ ಫಿಲ್ಟರ್ ಆದರೆ ಅದೃಷ್ಟ ನಿಮ್ಮದು. ಅದರ ರಿಂಗ್ ಪಂಪು, ಮೋಟರುಗಳಲ್ಲಿ ಬಳಸುವ ಮಾಮೂಲಿ ಓ-ರಿಂಗ್. ಒಳ ಅಳತೆ ಮತ್ತು ದಾರದ ದಪ್ಪ, ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು, ಹಳೆಯ ರಿಂಗ್ ಜೇಬಿನಲ್ಲಿಟ್ಟುಕೊಂಡು ಎಸ್‌ಜೆಪಿ ರಸ್ತೆ ಕಡೆಯ ಅಂಗಡಿಗಳಲ್ಲಿ ಕೇಳಿ. ದಾರದ ದಪ್ಪವನ್ನು ಚಪ್ಪಟೆಯಾದ ಜಾಗದಲ್ಲಿ ಅಳೆಯಬೇಡಿ. ಭದ್ರವಾಗಿರಲಿ ಅಂತ ಒಂದು ಸೈಜ್ ದಪ್ಪದ್ದು ತಂದರೆ ಮುಚ್ಚಳದ ಕ್ಲಿಪ್ ಮುರಿಯುತ್ತದೆ, ಆ ಕ್ಲಿಪ್ ಮಾತ್ರ ಎಲ್ಲೂ ಸಿಗುವುದಿಲ್ಲ. ತುರ್ತಿಗೆ ರಬ್ಬರ್ ದಾರವನ್ನು ಅಳತೆಗೆ ಕತ್ತರಿಸಿ ತುದಿಗಳನ್ನು ಫೆವಿಕ್ವಿಕ್‌ನಲ್ಲಿ ಕೂಡಿಸಬಹುದು, ಅಸಲಿ ರಿಂಗ್ ಬರುವ ತನಕದ ಮಟ್ಟಿಗೆ.

ಚೌಕ ಮುಚ್ಚಳದ, ವಿಶೇಷ ಆಕಾರದ ಗ್ಯಾಸ್ಕೆಟ್‌ಗಳದ್ದೇ ಸಮಸ್ಯೆ. ಅವು ಕಂಪನಿಯಿಂದಲೇ ಬರಬೇಕು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರಂದು ಅದಕ್ಕೊಂದು ಪೋರ್ಟಲ್ ಬಂತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ವಸ್ತು, ವಾಹನ ಎಂಬ ನಾಲ್ಕು ವಲಯ ಆರಿಸಿಕೊಂಡರು. ಸ್ಪೇರ್ ಸಿಗಬೇಕು, ಬಿಚ್ಚುವ ವಿಧಾನ ಬರೆದಿರಬೇಕು ಎಂಬುದು ಅದರ ತಿರುಳು. ಫ್ರಿಜ್ಜು, ವಾಷಿಂಗ್ ಮಷೀನಿಗೆ ಅದರಿಂದ ಏನಾದರೂ ಆದೀತು. ಹೊರಗಿನಿಂದ ತರಿಸಿ, ಬೇರೆ ಬೇರೆ ಹೆಸರಿನ ಸ್ಟಿಕ್ಕರ್ ಹಚ್ಚಿ ಮಾರುವ ಅಕ್ವೇರಿಯಂ ಫಿಲ್ಟರ್‌ಗೆ ಉತ್ತರ ಹೇಳುವ ಕಂಪನಿ ಯಾವುದು ಅಂತ ಹುಡುಕೋದೇ ಕಷ್ಟ. ಆದ್ದರಿಂದ ನಾನು ಯಾರಿಗೇ ಆಗಲಿ ಹೇಳುವುದು: ಫಿಲ್ಟರ್ ಕೊಳ್ಳುವ ದಿನವೇ "ಇದರ ಮುಚ್ಚಳದ ರಿಂಗ್ ಬೇರೆಯಾಗಿ ಕೊಡ್ತೀರಾ?" ಅಂತ ಕೇಳಿ. ಇಲ್ಲ ಅಂದರೆ ಬೇರೆ ಮಾಡೆಲ್ ನೋಡಿ. ನೂರು ಜನ ಕೇಳಿದರೆ ಅಂಗಡಿಯವರು ತರಿಸಿಡುತ್ತಾರೆ, ವ್ಯಾಪಾರ ಅಲ್ವಾ.

ಪೈಪುಗಳದ್ದು ಸುಲಭ. ಪ್ಲಾಸ್ಟಿಕ್ ಹೋಸ್ ಎರಡು ಮೂರು ವರ್ಷದಲ್ಲಿ ಗಟ್ಟಿಯಾಗಿ ತುದಿಯಲ್ಲಿ ಹಿಡಿತ ಬಿಡುತ್ತದೆ. ತುದಿಯ ಒಂದು ಇಂಚು ನೇರವಾಗಿ ಕತ್ತರಿಸಿ, ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಪೂರ್ತಿ ಒಳಗೆ ತಳ್ಳಿ. ಕ್ಲ್ಯಾಂಪ್ ಹಾಕಿದರೆ ಸ್ಕ್ರೂವನ್ನು ಕೈಯಳತೆಯಲ್ಲಿ ಬಿಗಿ ಮಾಡಿ, ಜೋರು ಮಾಡಿದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ಬಿರುಕು ಬಿಡುತ್ತದೆ. ಟ್ಯಾಪ್ ಬ್ಲಾಕ್ ಕೆಳಗೆ ಎರಡು ಪುಟ್ಟ ರಿಂಗ್‌ಗಳಿರುತ್ತವೆ, ಅವಕ್ಕೂ ಗ್ರೀಸ್ ಹಚ್ಚುವುದನ್ನು ಮರೆಯಬೇಡಿ.

ಕ್ಯಾನಿಸ್ಟರ್ ಇಲ್ಲದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಸಣ್ಣ ಟ್ಯಾಂಕಿನ ಏರ್ ಪಂಪು ನೀರಿಗಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ನೀರು ಆ ತೆಳು ಪೈಪಿನಲ್ಲೇ ಹಿಂದಕ್ಕೆ ಬಂದು ಪಂಪಿನೊಳಗೆ ಹೋಗುತ್ತದೆ. ಒಂದು ನಾನ್-ರಿಟರ್ನ್ ವಾಲ್ವ್ ಹಾಕಿ, ಇಲ್ಲವೇ ಪಂಪನ್ನು ಟ್ಯಾಂಕಿಗಿಂತ ಎತ್ತರದಲ್ಲಿ ಇಡಿ. ಅಂಚಿಗೆ ನೇತುಹಾಕುವ ಫಿಲ್ಟರ್ ಸೋರಿದರೆ ಬಹಳ ಸಲ ಸ್ಪಂಜು ಕಟ್ಟಿಕೊಂಡು ನೀರು ಉಕ್ಕಿ ಬಂದಿರುತ್ತದೆ. ವೈರನ್ನು ಪ್ಲಗ್‌ಗಿಂತ ಕೆಳಗೆ ಬಾಗಿ ಮತ್ತೆ ಮೇಲೇರುವ ಹಾಗೆ ಬಿಡಬೇಕು, ಆಗ ವೈರ್ ಹಿಡಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದ ಹಳೆಯ ಮನೆಯಾದರೆ ಟ್ಯಾಂಕ್ ಇಡುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ.

ರಿಪೇರಿ ಮಾಡುವಾಗ ಮೀನಿನ ಗತಿ

ಫಿಲ್ಟರ್ ಬಿಚ್ಚಿಟ್ಟು ಸ್ಪೇರ್ ತರಲು ಹೋಗುತ್ತೀರಿ, ಬರುವಾಗ ಸಂಜೆ. ಈ ಹೊತ್ತಿನಲ್ಲಿ ಒಳಗಿನ ಸೆರಾಮಿಕ್ ತುಂಡುಗಳು ಒಣಗುತ್ತಿರುತ್ತವೆ. ಮೀನಿನ ಮಲ, ಮಿಕ್ಕ ಆಹಾರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಇರುವುದು ಅವುಗಳ ಮೇಲೆಯೇ. ಅವು ಸತ್ತರೆ ಸೋರಿಕೆ ನಿಂತ ಫಿಲ್ಟರ್ ಹಾಕಿದ ಮೂರನೇ ದಿನ ಮೀನು ಮೇಲೆ ಬಂದು ಬಾಯಿ ತೆರೆಯಲು ಶುರು ಮಾಡುತ್ತವೆ. ಆದ್ದರಿಂದ ತುಂಡುಗಳನ್ನು, ಸ್ಪಂಜನ್ನು ಟ್ಯಾಂಕಿನದ್ದೇ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ, ಏರ್ ಪಂಪಿನ ಕಲ್ಲು ಹಾಕಿಡಿ. ಕ್ಲೋರಿನ್ ಇರುವ ನಲ್ಲಿ ನೀರಿನ ಕೆಳಗೆ ಹಿಡಿದು ತೊಳೆಯಬೇಡಿ. ಆ ದಿನ ಮೀನಿಗೆ ಊಟ ಹಾಕದಿದ್ದರೂ ಏನೂ ಆಗುವುದಿಲ್ಲ. ಮುಚ್ಚಿದ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಆಮ್ಲಜನಕ ಮುಗಿದು ನೀರು ಕೊಳೆತಿರುತ್ತದೆ, ಅದನ್ನು ಚೆಲ್ಲಿ ಆಮೇಲೆ ಶುರು ಮಾಡಿ.

ಚೆಲ್ಲಬೇಕಾದ ಟ್ಯಾಂಕ್ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಾಗ ನಮ್ಮ ಬೀದಿಯ ಕೆಲವು ತುಳಸಿ ಕಟ್ಟೆಗಳು ಉಳಿದಿದ್ದು ಮೀನಿನ ನೀರಿನಲ್ಲೇ.

ಜೋಡಿಸಿದ ಮೇಲೆ ನೇರ ಕಬೋರ್ಡ್‌ಗೆ ಇಡಬೇಡಿ. ಅಡುಗೆಮನೆ ಕಟ್ಟೆಯ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಎರಡೂ ಪೈಪುಗಳನ್ನು ಅದರಲ್ಲಿ ಬಿಟ್ಟು, ಫಿಲ್ಟರನ್ನು ಕೆಳಗೆ ನೆಲದ ಮೇಲೆ ಟಬ್‌ನಲ್ಲಿಡಿ. ಎತ್ತರ ಹೆಚ್ಚುಕಮ್ಮಿ ಟ್ಯಾಂಕಿನಷ್ಟೇ ಆಗುತ್ತದೆ, ಒತ್ತಡವೂ ಅಷ್ಟೇ. ಒಂದೆರಡು ಗಂಟೆ ಓಡಿಸಿ, ಆಮೇಲೆ ಆಫ್ ಮಾಡಿ ಇನ್ನೂ ಎರಡು ಗಂಟೆ ಹಾಗೇ ಬಿಡಿ. ಕೆಲವು ಫಿಲ್ಟರ್ ಓಡುವಾಗ ಸೋರದೆ ನಿಂತಾಗ ಸೋರುತ್ತವೆ. ಅಷ್ಟು ಹೊತ್ತು ಟ್ಯಾಂಕಿಗೆ ಫಿಲ್ಟರ್ ಇಲ್ಲ ಅಂತ ಗಾಬರಿ ಬೇಡ, ಏರ್ ಪಂಪು ಓಡುತ್ತಿದ್ದರೆ ಸಾಕು.

ಒಂದೇ ಒಂದು ಸೋರಿಕೆಗೆ ನಾನು ಕೈ ಹಾಕುವುದಿಲ್ಲ. ಮೋಟರ್ ಇರುವ ತಲೆಭಾಗದಲ್ಲಿ ಬಿರುಕು ಬಿಟ್ಟು, ಕಾಯಿಲ್ ಮುಚ್ಚಿದ ಗಟ್ಟಿ ರೆಸಿನ್ ಒಳಗೆ ನೀರು ಹೋಗಿದ್ದರೆ, ಅಥವಾ ವೈರ್ ಹೊರಬರುವ ಬುಡ ಒದ್ದೆಯಾಗಿದ್ದರೆ, ಅಂಟು, ಟೇಪು ಏನೂ ಬೇಡ. ವೈರ್ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ, ಬೇರೆ ಯಾರೂ ಎತ್ತಿಕೊಂಡು ಪ್ಲಗ್ ಹಾಕದಿರಲಿ. ಒಳಗಿನ ಬುಟ್ಟಿಯ ಸೆರಾಮಿಕ್ ತುಂಡುಗಳನ್ನು ಮಾತ್ರ ಒದ್ದೆಯಾಗಿರುವಾಗಲೇ ಹೊಸ ಫಿಲ್ಟರ್‌ಗೆ ತುಂಬಿಬಿಡಿ.